ಪುಕ್ಕಟೆ ವೆಬ್‌ಸೈಟ್

ಶೈಲಶ್ರೀ ಕೂತಲ್ಲಿ ಕೂರುವ ಹೆಂಗಸಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿರುವ ಅವಳ ರೊಟ್ಟಿ ಕೇಂದ್ರಕ್ಕೆ ಯಾವ ಹೊತ್ತಿಗಾದರೂ ಹೋಗಿ ನೋಡಿ, ಒಂದು ಕಣ್ಣು ಒಲೆಯ ಮೇಲೆ, ಇನ್ನೊಂದು ಬೀದಿಯ ಮೇಲೆ, ಫೋನು ಭುಜಕ್ಕೂ ಕಿವಿಗೂ ನಡುವೆ. ನಾಲ್ವರು ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಾರೆ. ಇವಳು ಅವನ್ನು ಗರಿಗರಿಯಾಗಿ ಒಣಗಿಸಿ, ಶೇಂಗಾ ಚಟ್ನಿಪುಡಿಯ ಜೊತೆ ಕಟ್ಟಿ ಮಾರುತ್ತಾಳೆ. ಮಳೆಗಾಲ ಮುಗಿಯುವ ಹೊತ್ತಿಗೆ ಆ ವ್ಯಾಪಾರ ಕೈಕೊಟ್ಟಿತು. ತೋರಣಗಲ್ಲಿನ ಮೆಸ್ಸುಗಳಿಗೆಲ್ಲ ಇವಳಿಂದ ರೊಟ್ಟಿ ಒಯ್ಯುತ್ತಿದ್ದ ಕಾಂಟ್ರಾಕ್ಟರ್ ಮಷಿನ್ ರೊಟ್ಟಿಗೆ ಹಾರಿಬಿಟ್ಟ. ಒಲೆ ಮುಂದಿನ ನಾಲ್ವರಲ್ಲಿ ಇಬ್ಬರನ್ನು ಬಿಡಿಸಬೇಕಾದ ಹೊತ್ತು ಬಂತು. ಯಾವ ಇಬ್ಬರು ಎಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಎಲ್ಲರಿಗಿಂತ ಹಿರಿಯಳಾದ ಜಂಬಕ್ಕ ಮಾತ್ರ ದಿನದ ಹೊತ್ತಿಗಿಂತ ಮುಂಚೆ ಬರತೊಡಗಿದಳು.

ಆಗ ಸಿಕ್ಕವಳು ಸ್ಫೂರ್ತಿ. ಹಂಪಿ ಹತ್ತಿರದ ಒಂದು ರೆಸಾರ್ಟಿಗೆ ಸಾಮಾನು ಕೊಳ್ಳುವ ಹುಡುಗಿ. ಊರಿಗೆ ಹೊರಟ ಪ್ರವಾಸಿಗಳ ಕೈಗೆ ರೊಟ್ಟಿ, ಚಟ್ನಿಪುಡಿಯ ಡಬ್ಬಿ ಕೊಡಬೇಕೆಂದು ಅವಳ ಆಸೆ.

“ರುಚಿ ಬಗ್ಗೆ ಮಾತಿಲ್ರಿ ಮೇಡಂ. ಆದ್ರ ನಮ್ಮ ಹೆಡ್ ಆಫೀಸಿನವ್ರು ಮೊದ್ಲು ವೆಬ್‌ಸೈಟ್ ನೋಡ್ತಾರ. ದೀಪಾವಳಿ ಒಳಗ ಲಿಂಕ್ ಕಳಿಸ್ರಿ, ಪಟ್ಟಿಗೆ ಸೇರಿಸ್ತೀನಿ.”

ಶೈಲಶ್ರೀ ಅವತ್ತೇ ಸ್ಟೇಷನ್ ರಸ್ತೆಯ ಮಹಡಿ ಹತ್ತಿದಳು. ಅಲ್ಲಿ ಸಿದ್ದಲಿಂಗೇಶ್ ಎಂಬಾತ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದ. ಹೆಸರು ಕೊಳ್ಳಲು ಇಷ್ಟು, ಅದನ್ನು ಇಡುವ ಜಾಗದ ಬಾಡಿಗೆ ಇಷ್ಟು, ಫೋಟೋಗೆ ಇಷ್ಟು, ವರ್ಷ ವರ್ಷ ಮತ್ತೆ ಇಷ್ಟು ಎಂದು ಅವನು ಬಿಡಿಸಿ ಹೇಳಿದ. ಒಟ್ಟು ಇಪ್ಪತ್ತೈದು ಸಾವಿರ. ಅವಳು ಚೌಕಾಸಿ ಮಾಡಿದಳು, ಮುಖ ಸಿಂಡರಿಸಿದಳು, ಎದ್ದು ಹೊರಟಂತೆ ಮಾಡಿ ಮತ್ತೆ ಕೂತಳು. ಕೊನೆಗೆ ಆಗಲಿ ಎಂದಳು. ಅಷ್ಟು ದುಡ್ಡು ಅವಳ ಹತ್ತಿರ ಇತ್ತು, ಅಷ್ಟೇ ಇತ್ತು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಸಂಡೂರಿನಲ್ಲಿ ಅಕ್ಕ ಇದ್ದಾಳೆ. ಸಂಗಮ್ಮ ಫೋನಿನಲ್ಲಿ ಸಿಡಿದಳು.

“ಮನ್ಯಾಗ ಕಂಪ್ಯೂಟರ್ ಕಲ್ತ ಮಗ ಇರಬೇಕಾದ್ರ ಹೊರಗಿನವ್ರಿಗೆ ರೊಕ್ಕ ಸುರೀತಿಯೇನ? ನಮ್ಮ ಬಸವಕುಮಾರ ಮಾಡಿಕೊಡ್ತಾನ. ಪುಕ್ಕಟೆ. ದುಡ್ಡಿನ ಮಾತು ತೆಗದ್ರ ನೋಡು ಮತ್ತ!”

ನಮ್ಮ ಕಡೆ ಇದೊಂದು ಕಟ್ಟುಪಾಡು. ಸ್ವಂತದವರ ಕೆಲಸಕ್ಕೆ ಕೂಲಿ ಕೊಟ್ಟರೆ ಅವಮಾನ ಮಾಡಿದಂತೆ. ಶೈಲಶ್ರೀ ಸಿದ್ದಲಿಂಗೇಶನಿಗೆ ಬ್ಯಾಡ ಎಂದಳು. ಉಳಿದ ದುಡ್ಡಿನಲ್ಲಿ ಹದಿನೈದು ಸಾವಿರ ಹಾಕಿ ಪ್ಯಾಕೆಟ್ ಅಂಟಿಸುವ ಒಳ್ಳೆಯ ಮಷಿನ್ ಕೊಂಡಳು. ಎಷ್ಟು ಜಾಣೆ ನಾನು ಎಂದು ಎರಡು ದಿನ ಹಿಗ್ಗಿದಳು.

ಆಮೇಲೆ ಶುರುವಾಯಿತು ಕಾಯುವ ಕೆಲಸ. ಬಸವಕುಮಾರ್ ತೋರಣಗಲ್ಲಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ನೌಕರ. ಶಿಫ್ಟ್ ಬದಲಾದಂತೆ ಅವನ ನೆಪವೂ ಬದಲಾಗುತ್ತಿತ್ತು. ಈ ಭಾನುವಾರ ಪಕ್ಕಾ ಎನ್ನುತ್ತಿದ್ದ, ಆ ಭಾನುವಾರ ಫೋನೇ ಎತ್ತುತ್ತಿರಲಿಲ್ಲ. ಶೈಲಶ್ರೀ ಬಾಲ ಸುಟ್ಟ ಬೆಕ್ಕಿನಂತೆ ಒಳಗೂ ಹೊರಗೂ ತಿರುಗಿದಳು. ಸಿಟ್ಟೆಲ್ಲ ಗಂಡ ಹಾಲೇಶನ ಮೇಲೆ ಹರಿಯಿತು. ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಆ ಪಾಪದ ಮನುಷ್ಯ ಬಸ್ಸಿಳಿದು ಬಂದವನೇ ಚಹಾ ಕೇಳಿದ್ದೂ ತಪ್ಪಾಯಿತು.

“ಹುಡುಗನ್ನ ಕೇಳು. ನನ್ನ ಯಾಕ ಹುರಿದು ಮುಕ್ಕತಿ?” ಎಂದ.

“ಹೆಂಗ ಕೇಳ್ಲಿ? ಒಂದು ರೂಪಾಯಿ ಕೊಟ್ಟಿದ್ರ ಕೇಳಬಹುದಿತ್ತು.”

ಆದರೂ ಒಂದು ದಿನ ಜಗಳಕ್ಕೆಂದೇ ಸಂಡೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಅಕ್ಕ ಹೋಳಿಗೆ ಮಾಡಿದ್ದಳು. “ಪಾಪ, ನಿನ್ನ ಕೆಲಸಕ್ಕಂತ ಡ್ಯೂಟಿಯಿಂದ ಬಂದು ಲ್ಯಾಪ್‌ಟಾಪ್ ಹಿಡಕೊಂಡು ಕುಂದರ್ತಾನ, ನಿದ್ದಿ ಇಲ್ಲ ಹುಡುಗಗ” ಎಂದು ಎರಡನೆಯ ಹೋಳಿಗೆಗೆ ತುಪ್ಪ ಸುರಿದಳು. ಜೋಡಿಸಿಕೊಂಡ ಮಾತೆಲ್ಲ ಆ ತುಪ್ಪದೊಂದಿಗೆ ಒಳಗೆ ಇಳಿಯಿತು. ಜಗಳಕ್ಕೆ ಹೋದವಳು ಉಡಿ ತುಂಬಿಸಿಕೊಂಡು, ಕುಬುಸದ ಬಟ್ಟೆ ಹಿಡಿದುಕೊಂಡು ವಾಪಸು ಬಂದಳು. ನಗಬೇಡಿ, ಎಂಥ ಗಟ್ಟಿಗಿತ್ತಿಗೂ ತವರಿನವರ ಮುಂದೆ ನಾಲಿಗೆ ಏಳುವುದಿಲ್ಲ.

ಸ್ಫೂರ್ತಿಯ ಮೆಸೇಜು ಬಂತು: “ಮೇಡಂ, ಲಿಂಕ್? ಸೋಮವಾರ ಪಟ್ಟಿ ಕಳಿಸಬೇಕು.” ಅವತ್ತು ಗುರುವಾರ. ಒಲೆಯ ಮುಂದೆ ಜಂಬಕ್ಕ ತಲೆ ಎತ್ತದೆ ರೊಟ್ಟಿ ಬಡಿಯುತ್ತಿದ್ದಳು. ಶೈಲಶ್ರೀ ಪೆಟ್ಟಿಗೆಯಲ್ಲಿದ್ದ ದುಡ್ಡಿನಲ್ಲಿ ಒಂದು ಪಾಲು ತೆಗೆದು ಕವರಿಗೆ ಹಾಕಿಕೊಂಡಳು. ಅವಮಾನವಾದರೆ ಆಗಲಿ, ದುಡ್ಡು ಕೊಟ್ಟಾದರೂ ಬೈಯುವ ಹಕ್ಕು ಕೊಂಡುಕೊಳ್ಳುತ್ತೇನೆ ಎಂದುಕೊಂಡು ತೋರಣಗಲ್ಲಿಗೆ ಹೊರಟಳು.

ಶಿಫ್ಟ್ ಬಿಟ್ಟ ಜನರ ನಡುವೆ ಬಸವಕುಮಾರ್ ಬಂದ. ಚಿಕ್ಕಮ್ಮನನ್ನು ಕಂಡು ಹೆಲ್ಮೆಟ್ಟನ್ನು ಎದೆಗೆ ಅವಚಿಕೊಂಡ. ಅವಳು ಕವರು ತುರುಕಿದಳು.

“ತಗೋ. ಈಗ ನೀ ನಮ್ಮ ಹುಡುಗ ಅಲ್ಲ, ಕೆಲ್ಸದವ. ಎಲ್ಲೈತಿ ನನ್ನ ವೆಬ್‌ಸೈಟ್?”

ಅವನು ಕವರನ್ನು ಹಾವು ಕಂಡವರಂತೆ ಹಿಂದಕ್ಕೆ ತಳ್ಳಿದ. ಮುಖ ಕೆಂಪಾಯಿತು.

“ನನಗ ಬರಂಗಿಲ್ಲ ಚಿಕ್ಕಮ್ಮ. ನಾ ಇಲ್ಲಿ ಗೇಟ್ ಪಾಸ್ ಟೈಪ್ ಮಾಡ್ತೀನಿ, ಅಷ್ಟ. ಅಮ್ಮ ಊರ ಮಂದಿ ಮುಂದೆಲ್ಲ ಹೇಳಿಬಿಟ್ಲು. ವಿಡಿಯೋ ನೋಡಿ ನೋಡಿ ಮಾಡಾಕ ಹತ್ತೀನಿ, ಒಂದು ಪುಟ ನಿಂದ್ರವಲ್ದು. ದುಡ್ಡು ತಗೊಂಡಿದ್ರ ವಾಪಸ್ ಕೊಟ್ಟು ಕೈ ಮುಗೀತಿದ್ದೆ. ಪುಕ್ಕಟೆ ಒಪ್ಪಿಕೊಂಡಿದ್ದನ್ನ ಹೆಂಗ ವಾಪಸ್ ಕೊಡ್ಲಿ? ಬೈ ನನಗ, ಎಷ್ಟು ಬೇಕೋ ಅಷ್ಟು ಬೈ. ಅಮ್ಮಗ ಮಾತ್ರ ಹೇಳಬ್ಯಾಡ.”

ಹಕ್ಕು ಸಿಕ್ಕಿತ್ತು, ಬೈಗುಳ ಸಿಗಲಿಲ್ಲ. ಅವನ ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು ಕಂಡು ಅವಳಿಗೆ ತನ್ನ ಮೇಲೆಯೇ ನಾಚಿಕೆಯಾಯಿತು.

“ನಡಿಲೇ, ಮೊದ್ಲು ಏನರ ತಿನ್ನು” ಎಂದು ಹೋಟೆಲಿಗೆ ಎಳೆದೊಯ್ದಳು. ಅಕ್ಕನಿಗೆ ಹೇಳುವುದಿಲ್ಲ ಎಂದು ಅವಳೂ ಮಾತು ಕೊಡಲಿಲ್ಲ, ಅವನೂ ಮತ್ತೆ ಕೇಳಲಿಲ್ಲ.

ಮರುದಿನ ಮತ್ತೆ ಅದೇ ಮಹಡಿ. ಈಗ ಕೈಯಲ್ಲಿ ಉಳಿದದ್ದು ಹತ್ತು ಸಾವಿರ. ಸಿದ್ದಲಿಂಗೇಶ್ ಒಂದು ಮಾತೂ ಚುಚ್ಚಲಿಲ್ಲ, ಅದಕ್ಕಾದರೂ ಅವನನ್ನು ಮೆಚ್ಚಬೇಕು.

“ಒಂದ ಪುಟ ಮಾಡೋಣ್ರಿ. ಫೋಟೋ ನಿಮ್ಮ ಫೋನಿನ್ಯಾಗ ತೆಗದವ ಇರ್ಲಿ. ಆದ್ರ ವರ್ಷದ ಖರ್ಚು ಈಗ್ಲೇ ತೆಗದಿಡ್ರಿ. ಮಂದಿ ಅದನ್ನ ಮರೀತಾರ, ಮುಂದಿನ ವರ್ಷ ಅಂಗಡಿ ಬೋರ್ಡು ಬಿದ್ದಂಗ ಆಗ್ತೈತಿ.”

ಅವಳು ತೆಗೆದಿಟ್ಟಳು. ಒಲೆ, ರೊಟ್ಟಿಯ ಒಟ್ಟಿಲು, ಹಿಟ್ಟು ಮೆತ್ತಿದ ಜಂಬಕ್ಕನ ಕೈ, ಇಷ್ಟೇ ಆ ಪುಟದಲ್ಲಿ. ಸೋಮವಾರ ಲಿಂಕ್ ಹೋಯಿತು. ನಾಲ್ಕು ದಿನ ಅವಳಿಗೆ ಅನ್ನ ಸೇರಲಿಲ್ಲ. ಐದನೆಯ ದಿನ ಸ್ಫೂರ್ತಿ ಫೋನು ಮಾಡಿ ಮೊದಲ ಆರ್ಡರು ಹೇಳಿದಳು. ಶೈಲಶ್ರೀ ಆ ಸುದ್ದಿ ಹೇಳುವಾಗ ನಾಲ್ವರೂ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. ಜಂಬಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಹಂಚಿನ ಮೇಲಿನ ರೊಟ್ಟಿ ಸೀದು ಹೋಗುತ್ತದೆ ಎಂದು ಉಳಿದವರನ್ನು ಗದರಿದಳು.

ಸಂಜೆ ಸಂಗಮ್ಮನ ಫೋನು.

“ನಿನ್ನ ವೆಬ್‌ಸೈಟ್ ನೋಡಿದ್ನೇ, ಭಾಳ ಚಂದ ಆಗೈತಿ! ಹೇಳಿದ್ದಿಲ್ಲೇನ? ನಮ್ಮ ನೆಗೆಣ್ಣಿ ಬಟ್ಟಿ ಅಂಗಡಿಗೂ ಮಾಡಿಕೊಡ್ತಾನ ಅಂತ ಮಾತು ಕೊಟ್ಟೀನಿ. ಪುಕ್ಕಟೆ.”

ಶೈಲಶ್ರೀ ಎದ್ದು ನಿಂತಳು. ಹೊಸ್ತಿಲವರೆಗೆ ಹೋಗಿ ತಿರುಗಿ ಬಂದಳು. ಸುಮ್ಮನಿದ್ದರೆ ಅಕ್ಕನ ಮಾನ ಉಳಿಯುತ್ತದೆ, ಹುಡುಗನ ನಿದ್ದೆ ಮತ್ತೆ ಹೋಗುತ್ತದೆ.

“ಅಕ್ಕಾ, ಇದನ್ನ ಅವ ಮಾಡಿಲ್ಲ. ನಾ ರೊಕ್ಕ ಕೊಟ್ಟು ಹೊರಗ ಮಾಡಿಸೀನಿ. ಅವಗ ಬರಂಗಿಲ್ಲ.”

ಸಂಗಮ್ಮನ ದನಿ ಸಣ್ಣಗಾಯಿತು.

“ಬರಂಗಿಲ್ಲ ಅಂದ್ರ... ಮತ್ತ ಇಷ್ಟು ದಿನ ನಿದ್ದಿಗೆಟ್ಟು ಏನು ಮಾಡ್ತಿದ್ದ?”

“ಕಲಿಯಾಕ ಹತ್ತಿದ್ದ ಅಕ್ಕಾ. ನಿನ್ನ ಮಾತು ಸುಳ್ಳಾಗಬಾರದಂತ.”