ಗೋಡೆಗೆ ಅಂಟಿಸಿದ ಗಾಜು

ಸಿವಿಲ್ ಇಂಜಿನಿಯರಿಂಗಿನಲ್ಲಿ ಎಂ.ಇ. ಓದುವವನನ್ನು ಗುರುತಿಸುವುದು ಸುಲಭ. ಯಾರ ಮನೆಗೆ ಹೋದರೂ ಮನೆಯವರಿಗಿಂತ ಮೊದಲು ತೊಲೆಯನ್ನು ಮಾತಾಡಿಸುತ್ತಾನೆ. ಯಶವಂತಪುರದ ರೈಲು ಹಳಿಯ ಪಕ್ಕ, ಸೊಣ್ಣಮ್ಮನ ಮಣ್ಣಿನ ಮನೆಯ ಒಳಕೋಣೆಯಲ್ಲಿ ಬಾಡಿಗೆಗಿದ್ದ ಸೀತಾಪತಿಯೂ ಹಾಗೆಯೇ. ಮದುವೆಗೆ ಹೋದರೆ ಚಪ್ಪರದ ಕಂಬ ಅಲ್ಲಾಡಿಸಿ ನೋಡಿಯೇ ಒಳಗೆ ಕಾಲಿಡುತ್ತಿದ್ದ. ಎಲೆಯ ಮೇಲೆ ಅನ್ನದ ಕಟ್ಟೆ ಕಟ್ಟಿ, ಅದು ಸಾರನ್ನು ಎಷ್ಟು ಹೊತ್ತು ತಡೆದೀತೆಂದು ನೋಡುತ್ತ ಊಟವನ್ನೇ ಮರೆಯುತ್ತಿದ್ದ. ಸಂಜೆ ಜಗಲಿಯಲ್ಲಿ ಅಂಗಾತ ಮಲಗಿ, ಹೆಬ್ಬಾಳದ ಕಡೆ ತೇಲುವ ಮೋಡಗಳ ನಡುವೆ ಸೇತುವೆ ಹಾಕುತ್ತಿದ್ದ. ಗೂಡ್ಸ್ ಗಾಡಿ ಹೋದಾಗಲೆಲ್ಲ ಮನೆ ಸಣ್ಣಗೆ ನಡುಗುತ್ತಿತ್ತು. ಸೊಣ್ಣಮ್ಮ ಮಲಗುವ ಪಡಸಾಲೆಯ ಗೋಡೆಯಲ್ಲಿ ಬಿರುಕು ಕಂಡ ದಿನ, ಅದಕ್ಕೆ ಅಡ್ಡಲಾಗಿ ತೆಳು ಗಾಜಿನ ಚೂರೊಂದನ್ನು ಗಾರೆಯಲ್ಲಿ ಅಂಟಿಸಿದ. ಗೋಡೆ ಜರುಗಿದರೆ ಗಾಜು ಒಡೆದು ತಿಳಿಸುತ್ತದೆ. ಮುದುಕಿ ಅದನ್ನು ಮಂತ್ರಿಸಿದ ಯಂತ್ರವೆಂದೇ ನಂಬಿ ದಿನಾ ಕುಂಕುಮವಿಟ್ಟಳು. ಅವನು ಎಷ್ಟು ಸಲ ಬಿಡಿಸಿ ಹೇಳಿದರೂ, "ಇಂಗೆಲ್ಲ ಗುಟ್ಟು ಬಿಟ್ಕೊಡಬಾರದು ಕಣಪ್ಪ, ಸಕ್ತಿ ಓಯ್ತದೆ" ಎನ್ನುತ್ತಿದ್ದಳು. ಮಳೆಗಾಲದ ಒಂದು ಬೆಳಿಗ್ಗೆ ಗಾಜು ಸೀಳಿ ಎರಡಾಗಿತ್ತು. "ನನಗೆ ಬರೋದನ್ನ ಅದು ತಗಂತು" ಎಂದು ಮುದುಕಿ ಕೈಮುಗಿದಳು. ಸೀತಾಪತಿ ಅಂದು ಏನನ್ನೂ ವಿವರಿಸಲಿಲ್ಲ. ತನಗೆ ಗಾಳಿ ಬೇಕೆಂದು ನೆಪ ಹೇಳಿ ಅವಳ ಚಾಪೆಯನ್ನು ಒಳಕೋಣೆಗೆ ಸಾಗಿಸಿದ. ಗೋಡೆಗೆ ಸರ್ವೆ ಮರದ ಕಂಬಗಳ ಆಸರೆ ಕೊಟ್ಟು, ಅದರ ಬುಡದಲ್ಲೇ ತನ್ನ ಹಾಸಿಗೆ ಬಿಡಿಸಿದ. ಆಮೇಲೆ ಹೊಸ ಗಾಜು ಅಂಟಿಸಿ, ಕುಂಕುಮದ ಬಟ್ಟಲನ್ನು ತಾನೇ ತಂದು ಅವಳ ಮುಂದೆ ಹಿಡಿದ.