ಇನ್ವರ್ಟರಿನ ಗವಸು

ಕಪಾಟು ಸರಿಸುವಾಗ ಅದರ ಹಿಂದಿನಿಂದ ಹೂವಿನ ಅಂಚಿನ ಬಟ್ಟೆಯ ಗವಸೊಂದು ಬಿತ್ತು. ಮೂಸಿ ನೋಡಿದೆ. ಬರೀ ಧೂಳು. ಆದರೂ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಗಂಟಲಿಗೆ ಹತ್ತಿತು...

ಆಳಂದದಲ್ಲಿ ನಮ್ಮ ಮನೆಗೆ ಹೊಂದಿಕೊಂಡೇ ದರ್ಜಿ ಚಾಚಾ ಅವರ ಅಂಗಡಿ. ನಾನು ಕಾಲೇಜು ಮುಗಿಸಿ ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿದ್ದ ದಿನಗಳವು. ಯಾವ ವಸ್ತುವೂ ಬರಿಮೈಯಲ್ಲಿರುವುದು ಚಾಚಾಗೆ ಸೇರುತ್ತಿರಲಿಲ್ಲ. ಟಿವಿ, ಮಿಕ್ಸರ್, ನೀರಿನ ಕೊಡ, ಎಲ್ಲಕ್ಕೂ ಉಳಿದ ತುಂಡುಗಳಲ್ಲಿ ಗವಸು ಹೊಲಿಯುತ್ತಿದ್ದರು. ಕರೆಂಟು ಹೋದಾಗ ಹೊಲಿಗೆ ನಿಲ್ಲಬಾರದೆಂದು ಇನ್ವರ್ಟರ್ ತಂದಾಗ ಅದಕ್ಕೂ ಒಂದು ಹೊಲಿದರು. ನಮ್ಮ ಮನೆಯದಕ್ಕೂ ಒಂದು ಕೊಟ್ಟರು. ನಮ್ಮದನ್ನು ನಾನು ಅವರಿಗೆ ಕಾಣದಂತೆ ಕಪಾಟಿನ ಹಿಂದೆ ಸೇರಿಸಿದ್ದೆ.

ಚಾಚಾರ ಇನ್ವರ್ಟರಿನ ಗಾಳಿಕಿಂಡಿಗಳು ಗವಸಿನಡಿ ಮುಚ್ಚಿಹೋದವು. ಬಿಸಿಲುಗಾಲದ ಲಗ್ನಗಳು ಬಂದು ಹೊಲಿಗೆ ಕೆಲಸ ಹೆಚ್ಚಿತು. ಇನ್ವರ್ಟರ್ ಕಾದು, ಚೀರಿ, ತಾನೇ ನಿಂತುಬಿಡುತ್ತಿತ್ತು.

"ಚಾಚಾ, ಅದು ಬಾಳ ಬಿಸಿ ಆಗ್ಯದ್ರಿ. ಮೊದಲು ಗವಸು ತೆಗೀರಿ."

"ಬಿಸಿಗಿಸಿ ಏನಿಲ್ಲ ಬೇಟಿ, ಅದಕ್ಕ ಚೀರಾಕ ಕಲಿಸೇ ಕಳಿಸ್ಯಾರ ಕಂಪನಿಯವ್ರು. ನಾವು ಅಂಜಿ ಹೊಸಾದು ತರ್ಲಿ ಅಂತ. ನನ್ನ ಹೆಂಡ್ತೀನೂ ಇಷ್ಟು ಚೀರಂಗಿಲ್ಲ!"

ನಾನು ನಕ್ಕಿದ್ದೆ. ಕೆಲವು ದಿನಗಳಲ್ಲಿ ಆ ಸದ್ದು ನಿಂತಿತು, ಇನ್ವರ್ಟರ್ ತಾನೇ ಆರಿಹೋಗುವುದೂ ತಪ್ಪಿತು. ರಿಪೇರಿಯವನು ಬಂದು ಹೋಗಿದ್ದನಂತೆ. "ನೋಡು, ಈಗ ಕೂಸಿನಂಗ ಮಲಗ್ಯದ," ಎಂದರು ಚಾಚಾ. ರಿಪೇರಿಯವನನ್ನು ಕೇಳಿದರೆ, "ಒಳಗಿನ ಧೂಳ ತೆಗದೀನ್ರೀ ಅಕ್ಕಾ," ಎಂದ. ನನ್ನ ಮುಖ ನೋಡದೆಯೇ ಹೇಳಿದ.

ಒಂದು ಮಧ್ಯಾಹ್ನ ಅಂಗಡಿಯಿಂದ ಹೊಗೆ ಬಂತು. ಹೊರಗೋಡಿದೆ. ಚಾಚಾ ಆಗಲೇ ಬೀದಿಯಲ್ಲಿದ್ದರು, ಮೈಗೆ ಏನೂ ಆಗಿರಲಿಲ್ಲ. ಅಷ್ಟರಲ್ಲಿ, "ಮಂದಿ ಲಗ್ನದ ಅರಿವಿ ಅದಾವ ಒಳಗ!" ಎಂದು ತಿರುಗಿದರು. ತೋಳು ಹಿಡಿದೆ. ಜಾರಿತು. ಬಟ್ಟೆಯ ಗಂಟುಗಳು ಹೊಗೆಯೊಳಗಿಂದ ಒಂದೊಂದಾಗಿ ಬೀದಿಗೆ ಬಂದು ಬಿದ್ದವು. ಕೊನೆಯ ಗಂಟಿನ ಹಿಂದೆ ಅವರು ಬರಲಿಲ್ಲ...

ಗುಂಪಿನಲ್ಲಿ ರಿಪೇರಿಯವನಿದ್ದ. "ಇನ್ವರ್ಟರ್ ಚೀರೋ ಸೀಟಿ ವೈರ್ ನಾ ಮುಟ್ಟೇ ಇಲ್ರಿ," ಎನ್ನುತ್ತಿದ್ದ. ಯಾರೂ ಅವನನ್ನು ಏನೂ ಕೇಳಿರಲಿಲ್ಲ. ಬೆಂಕಿ ಎಲ್ಲಿಂದ ಹತ್ತಿತೆಂಬುದೇ ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.

ಇಂದಿಗೂ ನಾನು ಚೀರುವ ಯಂತ್ರವನ್ನು ನಂಬುತ್ತೇನೆ, ಸುಮ್ಮನಿರುವುದನ್ನು ನಂಬುವುದಿಲ್ಲ. ನಮ್ಮ ಇನ್ವರ್ಟರಿನ ಮೇಲೆ, ಜ್ವರ ನೋಡುವಂತೆ, ಅಂಗೈ ಮಗುಚಿ ಇಟ್ಟೆ. ತಣ್ಣಗಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಟ್ಟು ನೋಡಿದೆ.

ಗವಸನ್ನು ಝಾಡಿಸಿ ಬೆಳಕಿಗೆ ಹಿಡಿದೆ. ಇಷ್ಟು ವರ್ಷವಾದರೂ ಚಾಚಾ ಹಾಕಿದ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ.