ಅರ್ಧ ಲೆಕ್ಕದ ಮಕ್ಕಳು

ಆ ಬಡಾವಣೆಯಲ್ಲಿ ಎಲ್ಲರೂ ಅವನನ್ನು ನೀರಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಬೆಳಕು ಹರಿಯುವ ಹೊತ್ತಿಗೆ ಎದೆಯೆತ್ತರದ ಕಬ್ಬಿಣದ ಕೀಲಿ ಹಿಡಿದು ಹೊರಟು, ಇಪ್ಪತ್ತೊಂದು ಬೀದಿಗಳ ಮೂಲೆಗಳಲ್ಲಿ ನೆಲದಡಿ ಹೂತ ವಾಲ್ವುಗಳನ್ನು ಒಂದೊಂದಾಗಿ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದ. ಅಷ್ಟರಲ್ಲಿ ಬಡಾವಣೆಯ ಜನ ನಾಲ್ಕು ಪಟ್ಟು ಹೆಚ್ಚಿದ್ದರು. ಗುಡ್ಡದ ಮೇಲಿನ ಟ್ಯಾಂಕು ಮಾತ್ರ ಇದ್ದಷ್ಟೇ ಇತ್ತು.

ಕಚೇರಿಯ ಪುಸ್ತಕದ ಪ್ರಕಾರ ಒಂದು ಮನೆ ಎಂದರೆ ಐದು ಜನ. ಯಾವ ಪುಣ್ಯಾತ್ಮ ಯಾವ ಕಾಲದಲ್ಲಿ ಬರೆದಿಟ್ಟನೋ, ಮಹಡಿಯ ಮೇಲೆ ಮಹಡಿ ಎದ್ದು ಒಂದೇ ಬಾಗಿಲ ಹಿಂದೆ ನಾಲ್ಕು ಒಲೆ ಹೊತ್ತಿದರೂ ಪುಸ್ತಕದಲ್ಲಿ ಐದು ಐದೇ. ನೀರಣ್ಣ ಅದನ್ನು ನಂಬುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನು ತಾರಸಿಯ ತಂತಿ ನೋಡುತ್ತಿದ್ದ. ಅಂಗಿ ಒಬ್ಬನಿಗೆ ಹತ್ತಿರಬಹುದು, ಒದ್ದೆ ಟವೆಲ್ ಒಂದೇ. ಟವೆಲ್ ಎಣಿಸಿದರೆ ಮನೆಯೊಳಗಿನ ತಲೆ ಸಿಕ್ಕಿತು. ಗೇಣುದ್ದದ ಬಟ್ಟೆ ಕಂಡರೆ ಮಗು, ಮಗುವಿಗೆ ಅರ್ಧ ತಲೆ. ನಲವತ್ತು ತಲೆಗೆ ವಾಲ್ವು ಒಂದು ಸುತ್ತು. ಮೂರು ತಿಂಗಳಿಗೊಮ್ಮೆ ಹೀಗೆ ಬೀದಿಬೀದಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಆ ನೋಟ್‌ಬುಕ್ಕಿನ ಬಗ್ಗೆ ಅವನಿಗಿದ್ದ ಜಂಬ ಅಷ್ಟಿಷ್ಟಲ್ಲ.

ಆ ಜಂಬಕ್ಕೆ ಸೊಪ್ಪು ಹಾಕದವಳು ಒಬ್ಬಳೇ, ಕೊನೆಯ ಬೀದಿಯ ಹೊಲಿಗೆಯಮ್ಮ. ಮಗ, ಸೊಸೆ, ನಾಲ್ಕು ಮೊಮ್ಮಕ್ಕಳ ಜೊತೆ ಎರಡು ಕೋಣೆಯಲ್ಲಿದ್ದಳು. ಕೀಲಿಯ ಸದ್ದು ಕೇಳಿದರೆ ಸಾಕು, ಹೊಲಿಗೆ ಯಂತ್ರ ನಿಲ್ಲಿಸಿ ಹೊರಗೆ ಬರುತ್ತಿದ್ದಳು.

"ನೀರಣ್ಣ, ನೀನು ಬಿಡೋ ನೀರು ಹನ್ನೊಂದು ಗಂಟೆಗೇ ಮುಗಿದುಹೋಗುತ್ತೆ. ಮನೆ ತುಂಬ ಮಕ್ಕಳಿದಾವೆ."

"ಮಕ್ಕಳಿಗೆ ಎಷ್ಟು ಬೇಕಕ್ಕ? ಅಂಗೈಯಗಲ ಮೈ."

"ಮೈ ಅಂಗೈಯಗಲ ಸರಿ. ಒಗೆಯೋ ಬಟ್ಟೆ ನೋಡಿದೀಯಾ?"

ನೋಡದೆ ಏನು, ಎಣಿಸಿಯೂ ಇದ್ದ. ಆದರೆ ಒಗೆದು ತಂತಿಗೆ ಹಾಕಿದ ಮೇಲೆ. ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ.

ಹೀಗಿರುವಾಗ ಮೂರನೇ ಬೀದಿಯ ತಿರುವಿನಲ್ಲಿ ಹತ್ತು ಮಹಡಿಯ ಕಟ್ಟಡ ಎದ್ದು ನಿಂತಿತು. ಎಂಬತ್ತು ಮನೆ, ಕಡಿಮೆ ಬಾಡಿಗೆ, ಕೂಲಿ ಮಾಡುವವರಿಗೂ ಸಣ್ಣ ಸಂಬಳದವರಿಗೂ ಚೀಟಿ ಎತ್ತಿ ಹಂಚಿದ್ದು. ನೀರಣ್ಣನ ಮಗಳಿಗೆ ಏಳನೇ ಮಹಡಿಯಲ್ಲಿ ಒಂದು ಬಂದಿತ್ತು. ಹೆಂಡತಿ ತೀರಿಕೊಂಡ ಮೇಲೆ ಅವನಿಗಿದ್ದವಳು ಆ ಮಗಳೊಬ್ಬಳೇ. ಬಸ್ ಓಡಿಸುವ ಅಳಿಯನೂ ಅವಳೂ ಮದುವೆಯಾದಾಗಿನಿಂದ ಅವನ ಎರಡು ಕೋಣೆಯಲ್ಲೇ ಇದ್ದರು. ಅವನು ಅಡುಗೆಮನೆಯಲ್ಲಿ ಒಲೆಯ ಪಕ್ಕ ಚಾಪೆ ಹಾಸುತ್ತಿದ್ದ. ಮಗಳಿಗೆ ದಿನ ತುಂಬುತ್ತಿತ್ತು.

ನೀರು ಬಾರದೆ ಆ ಮನೆಗಳ ಬಾಗಿಲು ತೆಗೆಯುವ ಹಾಗಿರಲಿಲ್ಲ. ಕಟ್ಟಡಕ್ಕೆ ನೀರು ಕೊಡಬಹುದೇ ಎಂದು ತೀರ್ಮಾನಿಸಬೇಕಾದವಳು ಹೊಸದಾಗಿ ಬಂದ ಎಂಜಿನಿಯರಮ್ಮ. ಹಿಂದಿನವರಂತೆ ಕುರ್ಚಿಯಲ್ಲಿ ಕೂತು ಸಹಿ ಹಾಕುವವಳಲ್ಲ. ಪಂಪ್‌ಹೌಸಿಗೆ ಬಂದು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ನೋಟ್‌ಬುಕ್ಕನ್ನು ಎರಡು ಗಂಟೆ ಓದಿದಳು.

"ಕಚೇರಿಯಲ್ಲಿರೋದಕ್ಕಿಂತ ಇದೇ ವಾಸಿ. ಈ ಟ್ಯಾಂಕು ಇನ್ನೆಷ್ಟು ಜನಕ್ಕೆ ಆಗುತ್ತೆ?"

"ನಾನೂರು ತಲೆಗೆ ಧಾರಾಳವಾಗಿ ಸಾಕು, ಮೇಡಂ."

ಸಣ್ಣ ಮನೆಗಳು, ನಾಲ್ಕು ತಲೆಯಂತೆ ಎಂಬತ್ತು ಮನೆಗೆ ಮುನ್ನೂರಿಪ್ಪತ್ತು. ಅವಳು ಬರೆದುಕೊಂಡಳು. ಮುಂದಿನ ತಿಂಗಳ ಮೊದಲ ಸೋಮವಾರ ಸಭೆ, ಅಲ್ಲಿ ಇದೇ ಲೆಕ್ಕ ಇಡುತ್ತೇನೆ ಎಂದಳು. ಅವತ್ತು ಮನೆಗೆ ಹೋಗುವಾಗ ನೀರಣ್ಣನ ಕಾಲು ನೆಲದ ಮೇಲಿರಲಿಲ್ಲ. ಮಗಳ ಮನೆಗೆ ತನ್ನ ಎಣಿಕೆಯೇ ನೀರು ತರುತ್ತದೆ ಎಂದರೆ ಯಾವ ಅಪ್ಪನಿಗೆ ಹಿಗ್ಗಾಗುವುದಿಲ್ಲ?

ಆ ವಾರವೇ ಹೆರಿಗೆಯಾಯಿತು, ಹೆಣ್ಣುಮಗು. ಆಸ್ಪತ್ರೆಯಿಂದ ಬಂದ ಮರುದಿನ ನೀರಣ್ಣ ತನ್ನ ಬೀದಿಯ ಪುಟದಲ್ಲಿ ನಗುನಗುತ್ತಾ ಅರ್ಧ ಎಂದು ಸೇರಿಸಿದ. ಮೂರೇ ದಿನಕ್ಕೆ ಮನೆಯ ಡ್ರಮ್ಮು ಮಧ್ಯಾಹ್ನಕ್ಕೆಲ್ಲ ತಳ ಕಂಡಿತು.

"ನಲ್ಲಿ ತೆರೆದಿಟ್ಟು ಮರೆತ್ಯಾ ಮಗಳೇ?"

ಅವಳು ಬಚ್ಚಲ ಮೂಲೆಯ ಬಟ್ಟೆ ರಾಶಿ ತೋರಿಸಿದಳು. ನಿಲ್ಲಲೂ ತ್ರಾಣವಿರಲಿಲ್ಲ ಅವಳಿಗೆ. ಅಳಿಯ ಕೆಲಸಕ್ಕೆ ಹೋಗಿದ್ದ. ನಾನೇ ಒಗೆಯುತ್ತೇನೆ ಬಿಡು ಎಂದು ನೀರಣ್ಣ ಪಂಚೆ ಎತ್ತಿ ಕಟ್ಟಿದ. ಇಪ್ಪತ್ತೆರಡು ಬಟ್ಟೆ, ಎರಡು ಹೊದಿಕೆ, ಮಗಳ ಹಾಸಿಗೆಯ ಮೇಲುಹಾಸು. ಸೋಪು ಬಿಡಬೇಕು, ವಾಸನೆ ಹೋಗಬೇಕು, ಕೂಸಿನ ಮೈಗೆ ತಾಗುವ ಬಟ್ಟೆ ಬೇರೆ. ಅಭ್ಯಾಸಬಲದಿಂದ ಬಕೆಟ್ಟು ಎಣಿಸುತ್ತಾ ಹೋದ. ಹನ್ನೊಂದಾಯಿತು. ಮೂವರು ದೊಡ್ಡವರ ಬಟ್ಟೆಗೂ ಸ್ನಾನಕ್ಕೂ ಸೇರಿ ಏಳು ಸಾಕಾಗುತ್ತಿತ್ತು. ಒದ್ದೆ ಕೈಯಲ್ಲಿ ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಇದೇ ಮಗಳು ಕೂಸಾಗಿದ್ದಾಗ ಒಗೆದವಳು ಅವನ ಹೆಂಡತಿ. ಅವನು ಊರಿಗೆಲ್ಲ ನೀರು ಬಿಟ್ಟು ಬರುವಷ್ಟರಲ್ಲಿ ಬಟ್ಟೆ ಮಡಿಸಿಯೇ ಆಗಿರುತ್ತಿತ್ತು. ನೀರು ಸಾಕಾಯಿತೇ ಎಂದು ಒಂದು ದಿನವೂ ಕೇಳಿರಲಿಲ್ಲ. ಮೂವತ್ತೊಂದು ವರ್ಷ ಮಕ್ಕಳಿದ್ದ ಮನೆಗಳಿಗೇ ನೀರು ಕಡಿಮೆ ಬಿಟ್ಟಿದ್ದ, ಅದೂ ನ್ಯಾಯವಾಗಿ ಹಂಚುತ್ತಿದ್ದೇನೆ ಎಂದು ಎದೆಯುಬ್ಬಿಸಿಕೊಂಡು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ನೋಟ್‌ಬುಕ್ ತೆಗೆದು ಕೂಡಿಸಿದ. ಅರ್ಧವೆಂದು ಬರೆದ ಮಕ್ಕಳು ಆರುನೂರ ಚಿಲ್ಲರೆ. ಒಂದೊಂದು ತಲೆ ಎಂದೇ ಹಿಡಿದರೂ ನಾನೂರು ಜನರ ಜಾಗದಲ್ಲಿ ಉಳಿಯುವುದು ನೂರಕ್ಕೂ ಕಡಿಮೆ. ಹತ್ತು ಮಹಡಿಗೂ ನೀರು ಹೋದರೆ ಮೊದಲು ಒಣಗುವುದು ಹೊಲಿಗೆಯಮ್ಮನ ಬೀದಿ. ಸೋಮವಾರಕ್ಕೆ ಇನ್ನೆರಡು ದಿನವಿತ್ತು. ತಪ್ಪು ಗೊತ್ತಿದ್ದದ್ದು ಅವನೊಬ್ಬನಿಗೇ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯುತ್ತಿತ್ತು. ಎರಡು ದಿನ ಅದೇ ಪುಟಗಳನ್ನು ಮತ್ತೆ ಮತ್ತೆ ಕೂಡಿಸಿ ನೋಡಿದ. ಭಾನುವಾರ ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದ.

"ಹೇಳಲೇಬೇಕಾ ಅಪ್ಪ?" ಎಂದಳು.

"ನೀನೇ ಹೇಳು, ಬೇಡ್ವಾ?"

ಅವಳು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಸಭೆಗೆ ಮುಂಚೆ ನೀರಣ್ಣ ತಪ್ಪು ಒಪ್ಪಿಕೊಂಡಾಗ ಎಂಜಿನಿಯರಮ್ಮ ಬೈಯಲಿಲ್ಲ. ಎರಡು ಸಲ ಕೂಡಿಸಿ ನೋಡಿ ಪೆನ್ನು ಕೆಳಗಿಟ್ಟಳು. "ಜನ ಬರೋದನ್ನ ತಡೆಯೋಕಾಗಲ್ಲ, ತಡೆಯಲೂಬಾರದು. ನೀರಿಗಿಂತ ಮುಂಚೆ ಜನ ಬರದ ಹಾಗೆ ನೋಡ್ಕೋಬಹುದು, ಅಷ್ಟೇ. ಈಗ ಕೆಳಗಿನ ಎರಡು ಮಹಡಿಗೆ ಕೊಡೋಣ. ಟ್ಯಾಂಕಿಗೆ ಎರಡನೇ ಪೈಪು ಬಂದ ಮೇಲೆ ಉಳಿದವಕ್ಕೆ."

"ಪೈಪು ಯಾವಾಗ, ಮೇಡಂ?"

"ಎರಡು ವರ್ಷ. ನಿಮ್ಮವರು ಯಾರಾದ್ರೂ ಇದಾರಾ ಅಲ್ಲಿ?"

"ಏಳನೇ ಮಹಡಿ. ಮಗಳು."

ಅವಳು ನೋಟ್‌ಬುಕ್ಕು ಮುಚ್ಚಿ ಎರಡೂ ಕೈಯಲ್ಲಿ ಅವನಿಗೆ ಹಿಂದಿರುಗಿಸಿದಳು.

ಮರುದಿನ ಕೊನೆಯ ಬೀದಿಯಲ್ಲಿ ನೀರಣ್ಣ ಕೀಲಿಯನ್ನು ಎಂದಿಗಿಂತ ಅರ್ಧ ಸುತ್ತು ಹೆಚ್ಚು ತಿರುಗಿಸಿದ. ಹೊಲಿಗೆಯಮ್ಮ ಹೊರಗೆ ಬಂದು, ನಲ್ಲಿಯ ಸದ್ದು ಕೇಳಿ, ಅವನ ಮುಖ ನೋಡಿದಳು.

"ಬಟ್ಟೆ ಒಗೆದೆ ಅಕ್ಕ," ಎಂದ ಅವನು. "ನಿನ್ನ ಮಾತು ಕೇಳಬೇಕಿತ್ತು."

ಮನೆಯಲ್ಲಿ ಮಗಳು ನಾಲ್ಕು ದಿನ ಮಾತು ಬಿಟ್ಟಿದ್ದಳು. ಊಟ ಬಡಿಸುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಅವನೂ ಸಮಾಧಾನ ಹೇಳಲು ಹೋಗದೆ ದಿನಾ ಬಟ್ಟೆ ಒಗೆದು ಹಾಕಿದ. ಐದನೇ ದಿನ ಅವನು ತಂತಿಯ ಮೇಲೆ ಗೇಣುದ್ದದ ಬಟ್ಟೆಗಳನ್ನು ಹರಡುತ್ತಿದ್ದಾಗ ಅವಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲಿ ಬಂದು ನಿಂತಳು.

"ನಮ್ಮ ಬೀದಿ ಪುಟದಲ್ಲಿ ಇವಳನ್ನ ಎಷ್ಟು ಅಂತ ಬರ್ಕೊಂಡಿದೀಯಾ?"

"ಅರ್ಧ ಹೊಡೆದುಹಾಕಿದೆ. ಒಂದು."

ಅವಳು ತಂತಿಯಿಂದ ಜಾರುತ್ತಿದ್ದ ಒಂದು ಬಟ್ಟೆಯನ್ನು ಸರಿಮಾಡಿದಳು.

"ಮನೆಯಂತೂ ಸಿಗಲಿಲ್ಲ. ಲೆಕ್ಕಕ್ಕಾದ್ರೂ ಬಂದಳಲ್ಲ," ಎಂದು ಕೂಸನ್ನು ಅವನ ಒದ್ದೆ ಕೈಗೆ ಕೊಟ್ಟು, ಉಳಿದ ಬಟ್ಟೆಗಳನ್ನು ತಾನೇ ಹರಡತೊಡಗಿದಳು.